ಸಂಸಾರ ಸಮೇತ ಬೆಂಗಳೂರಿಗೆ: ಮನೆ ನೋಡುವ ಮುನ್ನ ಬಡಾವಣೆ ನೋಡಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿರುವ ನೆಂಟರಿಗೆ, ಸ್ನೇಹಿತರಿಗೆ ಊರಿನಿಂದ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ವರ್ಗಾವಣೆಯಾಗಿದೆ, ಇಲ್ಲವೇ ಹೊಸ ಕೆಲಸ ಸಿಕ್ಕಿದೆ, ಶಾಲೆ ಶುರುವಾಗುವುದರೊಳಗೆ ಸಂಸಾರವನ್ನು ಕರೆತರಬೇಕು, ಎರಡು ಕೋಣೆಯ ಮನೆ ಎಲ್ಲಿ ಕಡಿಮೆ ಬಾಡಿಗೆಗೆ ಸಿಗುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಊರಿನ ಅಂಚಿನಲ್ಲಿ ಸಿಗುತ್ತದೆ. ಆದರೆ ಹಾಗೆ ಸಿಕ್ಕ ಮನೆಗೆ ಬಂದ ಹಲವರು ಹನ್ನೊಂದು ತಿಂಗಳ ಕರಾರು ಮುಗಿಯುವುದನ್ನೇ ಕಾದಿದ್ದು ಮತ್ತೆ ಲಾರಿ ಹುಡುಕುತ್ತಾರೆ. ಮನೆಯಲ್ಲಿ ದೋಷವಿರುವುದಿಲ್ಲ, ಹೊಸ್ತಿಲು ದಾಟಿದ ಮೇಲೆ ಎದುರಾಗುವುದೆಲ್ಲ ದೋಷ.

ಒಬ್ಬಂಟಿಯಾಗಿ ಬರುವವರು ಆಫೀಸಿನ ಪಕ್ಕದಲ್ಲಿ ಪಿ.ಜಿ. ಹಿಡಿದರೆ ಮುಗಿಯಿತು. ಮಕ್ಕಳು, ವಯಸ್ಸಾದ ತಂದೆತಾಯಿ ಜೊತೆಗಿರುವವರು ಹುಡುಕಾಟದ ಕ್ರಮವನ್ನೇ ಬದಲಿಸಬೇಕು. ಮೊದಲು ಶಾಲೆ, ಆಮೇಲೆ ಓಡಾಟದ ದಾರಿ, ಆಮೇಲೆ ನೀರು ಮತ್ತು ಮಳೆ, ಎಲ್ಲಕ್ಕೂ ಕೊನೆಗೆ ಮನೆ. ಈ ಲೇಖನ ಕರ್ನಾಟಕದ ಬೇರೆ ಊರುಗಳಿಂದ ಬೆಂಗಳೂರಿಗೆ ಬಂದು ಮೊದಲ ಒಂದೆರಡು ವರ್ಷ ಬಾಡಿಗೆಗೆ ಇರಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬಂದ ಕೂಡಲೇ ನಿವೇಶನ ಅಥವಾ ಫ್ಲಾಟ್ ಕೊಳ್ಳುವ ಆಲೋಚನೆ ಇದ್ದರೆ ಅದನ್ನು ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯುವವರೆಗೆ ಮುಂದೂಡಿ.

ಮೊದಲ ಹೆಜ್ಜೆ: ಶಾಲೆಯಿಂದ ಶುರುಮಾಡಿ

ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಬರೆಯಿರಿ. ಯಾರು, ಎಷ್ಟು ಗಂಟೆಗೆ, ಎಲ್ಲಿಗೆ ಹೋಗಬೇಕು, ಎಷ್ಟು ಗಂಟೆಗೆ ಮರಳಬೇಕು, ವಾರದಲ್ಲಿ ಎಷ್ಟು ದಿನ ಎಂದು ಎದುರಿಗೆ ಬರೆಯಿರಿ. ಬರೆದು ಮುಗಿಸಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ದೊಡ್ಡವರ ವೇಳೆಯನ್ನು ಅಷ್ಟಿಷ್ಟು ಹಿಂದೆ ಮುಂದೆ ಮಾಡಬಹುದು, ಕೆಲವರಿಗೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಮಗುವಿನ ವೇಳೆಯನ್ನು ಮಾತ್ರ ಒಂದು ನಿಮಿಷವೂ ಅಲುಗಾಡಿಸಲಾಗದು. ಇನ್ನೂ ಒಂದು ಮಾತಿದೆ. ಬೆಂಗಳೂರಿನಲ್ಲಿ ಕೆಲಸ ಬದಲಾಗುತ್ತದೆ, ಕೆಲಸ ಬದಲಾಗದಿದ್ದರೂ ಕಚೇರಿಯೇ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಒಳ್ಳೆಯ ಶಾಲೆಯಲ್ಲಿ ಒಮ್ಮೆ ಸೀಟು ಸಿಕ್ಕಿದರೆ ಮಗು ಅಲ್ಲಿ ಹತ್ತನೆಯ ತರಗತಿಯವರೆಗೆ ಇರುತ್ತದೆ. ಬದಲಾಗುವುದರ ಪಕ್ಕದಲ್ಲಿ ಮನೆ ಹಿಡಿದು, ಬದಲಾಗದಿರುವುದಕ್ಕೆ ದಿನವೂ ಅಲೆಯುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ನನ್ನ ಸಲಹೆ: ಶಾಲೆಯಿಂದ ಮೂರು ಕಿಲೋಮೀಟರ್ ಒಳಗೆ ಮನೆ ಇರಲಿ, ಅದೂ ದೊಡ್ಡ ಜಂಕ್ಷನ್ ಒಂದನ್ನೂ ದಾಟದಂತೆ. ಶಾಲೆಯ ವ್ಯಾನ್ ಇದೆಯಲ್ಲ ಎನ್ನಬೇಡಿ. ವ್ಯಾನು ಇಪ್ಪತ್ತು ಮನೆಗಳ ಮುಂದೆ ನಿಂತು ಹೋಗುವುದರಿಂದ ಎಂಟು ಕಿಲೋಮೀಟರ್ ದೂರದ ಮಗು ಬೆಳಿಗ್ಗೆ ಏಳಕ್ಕೂ ಮೊದಲೇ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಸಂಜೆ ಅದು ಮನೆ ಸೇರುವ ಹೊತ್ತಿಗೆ ಆಟಕ್ಕೆ ಬೆಳಕೂ ಇರುವುದಿಲ್ಲ, ಹುರುಪೂ ಇರುವುದಿಲ್ಲ.

ಪ್ರವೇಶದ ವೇಳಾಪಟ್ಟಿ ತಿಳಿದಿರಲಿ. ಹೆಸರಿರುವ ಖಾಸಗಿ ಶಾಲೆಗಳು ಮುಂದಿನ ವರ್ಷದ ಸೀಟುಗಳನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ತುಂಬಲು ಶುರುಮಾಡುತ್ತವೆ; ಎಲ್‌ಕೆಜಿಗೆ ಪೈಪೋಟಿ ಹೆಚ್ಚು. ಮೇ ತಿಂಗಳಿನಲ್ಲಿ ಬರುವವರಿಗೆ ಉಳಿದಿರುವುದು ಯಾರೋ ವರ್ಗವಾಗಿ ಹೋಗಿ ಬಿಟ್ಟ ಸೀಟು. ಅದು ಬೇಕೆಂದರೆ ಸಿಗುತ್ತದೆ, ಆದರೆ ಖುದ್ದಾಗಿ ಹೋಗಿ ಕೇಳಬೇಕು. ಜಾಲತಾಣದಲ್ಲಿ 'ಪ್ರವೇಶ ಮುಗಿದಿದೆ' ಎಂದಿರುವ ಶಾಲೆಯಲ್ಲೂ ಆರನೆಯ ತರಗತಿಗೆ ಎರಡು ಸೀಟು ಇರಬಹುದು. ಶಾಲೆಯ ಕಚೇರಿಯಲ್ಲಿ ಕೇಳಬೇಕಾದ ಇನ್ನಷ್ಟು ಸಂಗತಿಗಳಿವೆ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು ಸರ್ಕಾರ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತ್ತು. ನಿಮ್ಮ ಮಗುವಿನ ವಯಸ್ಸು ಅಂಚಿನಲ್ಲಿದ್ದರೆ ನೀವು ಸೇರಿಸುವ ವರ್ಷದ ಆದೇಶ ಏನೆಂದು ಮೊದಲೇ ತಿಳಿದುಕೊಳ್ಳಿ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದು ಮೀಸಲಾದ, ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25ರ ಸೀಟನ್ನು ನಂಬಿ ಬಡಾವಣೆ ಆರಿಸಬೇಡಿ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗದಂತೆ ರಾಜ್ಯ 2019ರಿಂದ ನಿಯಮ ಬದಲಿಸಿದ ಮೇಲೆ ನಗರದಲ್ಲಿ ಅಂಥ ಸೀಟುಗಳು ಬೆರಳೆಣಿಕೆಗೆ ಇಳಿದಿವೆ.

ಕನ್ನಡದ ಪ್ರಶ್ನೆಯೂ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಕನ್ನಡ ಕಲಿಸಲೇಬೇಕು. ಆದರೆ ಕನ್ನಡವನ್ನು ವಾರಕ್ಕೆ ಎರಡು ತರಗತಿಯ ಮೂರನೆಯ ಭಾಷೆಯಾಗಿ ಕಲಿಸುವುದಕ್ಕೂ ಎರಡನೆಯ ಭಾಷೆಯಾಗಿ ಸರಿಯಾಗಿ ಪಾಠ ಮಾಡುವುದಕ್ಕೂ ಬಹಳ ಅಂತರವಿದೆ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲೋ ಪ್ರಥಮ ಭಾಷೆ ಕನ್ನಡವಾಗಿಯೋ ಓದಿದ ಮಗುವಿಗೆ ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಹೊಂದಿಕೊಳ್ಳುವುದು ಸುಲಭ. ಇಂಥ ಶಾಲೆಗಳು ಬಸವನಗುಡಿ, ಜಯನಗರ, ರಾಜಾಜಿನಗರ, ಮಲ್ಲೇಶ್ವರ, ವಿಜಯನಗರದ ಕಡೆ ದಟ್ಟವಾಗಿವೆ; ಐ.ಟಿ. ಕಚೇರಿಗಳಿರುವ ಪೂರ್ವ ಭಾಗದಲ್ಲಿ ಕಡಿಮೆ. ಇದೊಂದೇ ಕಾರಣಕ್ಕೆ ನಗರದ ಅರ್ಧ ಭಾಗ ನಿಮ್ಮ ಪಟ್ಟಿಯಿಂದ ಹೊರಗೆ ಹೋಗಬಹುದು. ಹೋಗಲಿ.

ಮನೆಯಲ್ಲಿ ಹತ್ತನೆಯ ತರಗತಿಗೆ ಕಾಲಿಡುವ ಮಗು ಇದ್ದರೆ ಆ ಒಂದು ವರ್ಷ ಸಂಸಾರ ಊರಿನಲ್ಲೇ ಇರುವುದು ಮೇಲು. ದುಡಿಯುವವರು ಒಬ್ಬರೇ ಬಂದು ಆ ವರ್ಷವನ್ನು ಬಡಾವಣೆ ನೋಡುವುದಕ್ಕೆ ಬಳಸಿಕೊಳ್ಳಲಿ. ಪಿಯುಸಿ ಪ್ರವೇಶದ ಹೊತ್ತಿಗೆ ಬಂದರೆ ಕಾಲೇಜೂ ಮನೆಯೂ ಒಟ್ಟಿಗೆ ಕುದುರುತ್ತವೆ.

ಎರಡನೆಯ ಹೆಜ್ಜೆ: ದಾರಿಯನ್ನು ಮಂಗಳವಾರ ಅಳೆಯಿರಿ

ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರ್‌ನಲ್ಲಿ ಹೇಳುವವರನ್ನು ನಂಬಬೇಡಿ. ಭಾನುವಾರ ಬೆಳಿಗ್ಗೆ ಮನೆ ತೋರಿಸಿ 'ಆಫೀಸಿಗೆ ಇಪ್ಪತ್ತು ನಿಮಿಷ' ಎನ್ನುವ ಬ್ರೋಕರ್ ಸುಳ್ಳು ಹೇಳುತ್ತಿರುವುದಿಲ್ಲ, ಭಾನುವಾರದ ಸತ್ಯ ಹೇಳುತ್ತಿರುತ್ತಾನೆ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಮುಂದಿನಿಂದ ಹೊರಟು ನೋಡಿ. ಅದೇ ದಿನ ಸಂಜೆ ಆರಕ್ಕೆ ಮರಳಿ ನೋಡಿ. ಮಳೆ ಬಂದ ಸಂಜೆ ಸಿಕ್ಕಿದರೆ ಇನ್ನೂ ಒಳ್ಳೆಯದು.

ಈ ಊರಿನಲ್ಲಿ ನಂಬಿ ವೇಳೆ ಹೇಳಬಹುದಾದ ವಾಹನ ಈಗ ಮೆಟ್ರೊ ಒಂದೇ. ನೇರಳೆ ಮಾರ್ಗ ಪಶ್ಚಿಮದ ಚಲ್ಲಘಟ್ಟದಿಂದ ಕೆಂಗೇರಿ, ವಿಜಯನಗರ, ಮೆಜೆಸ್ಟಿಕ್, ವಿಧಾನಸೌಧ, ಬೈಯಪ್ಪನಹಳ್ಳಿ, ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಕಾಡುಗೋಡಿಗೆ ಹೋಗುತ್ತದೆ. 2023ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಓಡುತ್ತಿದೆ. ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದಿಂದ ಪೀಣ್ಯ, ಯಶವಂತಪುರ, ಮೆಜೆಸ್ಟಿಕ್, ಜಯನಗರ, ಬನಶಂಕರಿಯ ಮೂಲಕ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದುಕೊಂಡಿತು. ಶಾಲೆ, ಮನೆ, ಕಚೇರಿ ಮೂರೂ ಒಂದೇ ಬಣ್ಣದ ಮಾರ್ಗದಲ್ಲಿದ್ದರೆ ಅದಕ್ಕಿಂತ ಸುಖ ಬೇರೆ ಇಲ್ಲ. ಒಂದು ಸಲ ರೈಲು ಬದಲಿಸುವುದಾದರೂ ಸರಿಯೇ. ಮೆಟ್ರೊ ಇಳಿದ ಮೇಲೆ ಮತ್ತೆ ಅರ್ಧ ಗಂಟೆ ಆಟೊ ಹಿಡಿಯಬೇಕು ಎಂದಾದರೆ ಲೆಕ್ಕ ಕೆಡುತ್ತದೆ.

ಉದಾಹರಣೆಗೆ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಂದುಕೊಳ್ಳಿ. ಹಳದಿ ಮಾರ್ಗ ಬರುವ ಮುಂಚೆ ಅಲ್ಲಿಯೇ ಹತ್ತಿರ ಮನೆ ಹಿಡಿಯುವುದು ಬಿಟ್ಟರೆ ಗತಿ ಇರಲಿಲ್ಲ. ಈಗ ಕನಕಪುರ ರಸ್ತೆಯ ಯಲಚೇನಹಳ್ಳಿ, ಕೋಣನಕುಂಟೆ, ದೊಡ್ಡಕಲ್ಲಸಂದ್ರ, ಇತ್ತ ಬನಶಂಕರಿ, ಜೆ.ಪಿ. ನಗರದಿಂದ ಹಸಿರು ರೈಲು ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಸಾಕು. ಆ ಭಾಗದಲ್ಲಿ ಕನ್ನಡ ಶಾಲೆಗಳಿವೆ, ಮಾರುಕಟ್ಟೆ ಇದೆ, ಅಜ್ಜ ಅಜ್ಜಿಗೆ ಮಾತಿಗೆ ಜನ ಇದ್ದಾರೆ. ಕೆಲಸ ವೈಟ್‌ಫೀಲ್ಡ್‌ನಲ್ಲಿದ್ದರೆ ಎರಡು ದಾರಿ. ಒಂದೋ ಹೂಡಿ, ಕಾಡುಗೋಡಿ, ಕೆ.ಆರ್. ಪುರದ ಸುತ್ತ ನೆಲೆಸುವುದು. ಇಲ್ಲವೇ ವಿಜಯನಗರ, ನಾಯಂಡಹಳ್ಳಿ, ಕೆಂಗೇರಿ ಕಡೆ ಮನೆ ಮಾಡಿ ಒಂದು ಗಂಟೆಗೂ ಮಿಕ್ಕ ಪ್ರಯಾಣವನ್ನು ರೈಲಿನಲ್ಲಿ ಕಳೆಯುವುದು. ಪಶ್ಚಿಮದ ತುದಿಯಲ್ಲಿ ಹತ್ತುವವರಿಗೆ ಬೆಳಿಗ್ಗೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ, ಸಂಜೆ ಆ ಭಾಗ್ಯ ಕಡಿಮೆ. ವಾರದಲ್ಲಿ ಮೂರು ದಿನ ಮಾತ್ರ ಕಚೇರಿ ಇರುವವರಿಗೆ ಎರಡನೆಯ ದಾರಿ ಒಪ್ಪುತ್ತದೆ. ನಾಗವಾರದ ಟೆಕ್ ಪಾರ್ಕ್‌ನಲ್ಲಿ ಕೆಲಸವಿರುವವರು ಹೆಬ್ಬಾಳದ ಮೇಲುಸೇತುವೆಯನ್ನು ದಿನವೂ ದಾಟದಂತೆ ನೋಡಿಕೊಳ್ಳುವುದೇ ಮುಖ್ಯ. ಪೀಣ್ಯದಲ್ಲಿ ಕೆಲಸವಿರುವವರಿಗೆ ದಾಸರಹಳ್ಳಿ, ಜಾಲಹಳ್ಳಿ, ನಾಗಸಂದ್ರ ಇದ್ದೇ ಇವೆ.

ಇನ್ನೂ ಓಡದ ರೈಲಿಗೆ ಬಾಡಿಗೆ ಕಟ್ಟಬೇಡಿ. 'ಮುಂದಿನ ವರ್ಷ ಮೆಟ್ರೊ ಬರುತ್ತದೆ' ಎಂದು ಸಾವಿರಗಟ್ಟಲೆ ಹೆಚ್ಚು ಕೇಳುವ ಮನೆಗಳು ಬನ್ನೇರುಘಟ್ಟ ರಸ್ತೆಯಲ್ಲೂ ಹೊರವರ್ತುಲ ರಸ್ತೆಯಲ್ಲೂ ಬಹಳ ಇವೆ. ಗುಲಾಬಿ ಮತ್ತು ನೀಲಿ ಮಾರ್ಗಗಳ ಗಡುವು ಹಲವು ಸಲ ಮುಂದಕ್ಕೆ ಹೋಗಿದೆ. ಕಾಮಗಾರಿ ನಡೆಯುವಷ್ಟು ಕಾಲ ಆ ರಸ್ತೆಗಳ ಪಕ್ಕದ ಬದುಕು ಧೂಳು ಮತ್ತು ಅಡ್ಡದಾರಿಗಳ ಬದುಕು. ರೈಲು ಓಡಿದ ದಿನ ಮನೆ ಬದಲಿಸಿದರಾಯಿತು, ಬಾಡಿಗೆಯವರಿಗೆ ಇರುವ ಸೌಲಭ್ಯವೇ ಅದು.

ದೂರದ ಮನೆಯಲ್ಲಿ ಬಾಡಿಗೆ ಉಳಿಯುತ್ತದೆ ಎನ್ನುವವರು ಪ್ರಯಾಣದ ಖರ್ಚನ್ನೂ ಕೂಡಿಸಿ ನೋಡಬೇಕು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ತಿಂಗಳಿಗೆ 22 ದಿನ ಹೋಗಿ ಬಂದರೆ ಒಬ್ಬರಿಗೇ ನಾಲ್ಕು ಸಾವಿರ ರೂಪಾಯಿಯ ಹತ್ತಿರ ಬರುತ್ತದೆ. ಇಬ್ಬರೂ ದುಡಿಯುವವರಾದರೆ ಉಳಿದ ಬಾಡಿಗೆ ಟಿಕೆಟ್ಟಿಗೇ ಹೋಯಿತು. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಪ್ರಯಾಣ ಉಚಿತವಾಗಿರುವುದರಿಂದ ಮನೆಯ ಹೆಣ್ಣುಮಕ್ಕಳ ದೃಷ್ಟಿಯಲ್ಲಿ ಬಸ್ ನಿಲ್ದಾಣದ ಹತ್ತಿರವಿರುವ ಮನೆಗೆ ಬೇರೆಯೇ ಬೆಲೆ. ನಿಲ್ದಾಣ ಇದ್ದರೆ ಸಾಲದು. ಎಷ್ಟು ನಿಮಿಷಕ್ಕೊಂದು ಬಸ್ ಬರುತ್ತದೆ ಎಂದು ಅಲ್ಲಿ ಕಾಲುಗಂಟೆ ನಿಂತು ನೋಡಿ.

ಯಾರೂ ಬರೆದು ಹೇಳದ ಲೆಕ್ಕ ಒಂದಿದೆ, ಅದು ಊರಿನ ದಿಕ್ಕು. ಹಬ್ಬ, ಮದುವೆ, ತಂದೆತಾಯಿಯ ಅನಾರೋಗ್ಯ, ತೋಟದ ಕೆಲಸ ಎಂದು ವರ್ಷದಲ್ಲಿ ಹತ್ತಾರು ಸಲ ಊರಿಗೆ ಹೋಗುವವರು ನಾವು. ಶುಕ್ರವಾರ ಸಂಜೆ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟುವುದಕ್ಕೆ ಬೇಕಾದ ಹೊತ್ತಿನಲ್ಲಿ ಮಂಡ್ಯ ಮುಟ್ಟಬಹುದು. ಮಂಡ್ಯ, ಮೈಸೂರು, ಕೊಡಗಿನ ಕಡೆಯವರಿಗೆ ಕೆಂಗೇರಿ, ರಾಜರಾಜೇಶ್ವರಿ ನಗರ, ನಾಗರಬಾವಿ, ವಿಜಯನಗರ ಒಳ್ಳೆಯದು. ತುಮಕೂರು, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಮತ್ತು ಹಾಸನ, ಮಂಗಳೂರಿನ ಕಡೆಯವರೆಲ್ಲ ತುಮಕೂರು ರಸ್ತೆಯಲ್ಲೇ ಹೊರಬೀಳಬೇಕು. ಅವರಿಗೆ ಯಶವಂತಪುರ, ರಾಜಾಜಿನಗರ, ಜಾಲಹಳ್ಳಿ, ದಾಸರಹಳ್ಳಿ. ಕೋಲಾರದವರಿಗೆ ಕೆ.ಆರ್. ಪುರ, ಚಿಕ್ಕಬಳ್ಳಾಪುರದವರಿಗೆ ಯಲಹಂಕ. ರಾತ್ರಿ ರೈಲಿಗೆ ಹೋಗುವವರಾದರೆ ನಿಮ್ಮ ಊರಿನ ರೈಲು ಮೆಜೆಸ್ಟಿಕ್‌ನಿಂದ ಹೊರಡುತ್ತದೋ, ಯಶವಂತಪುರದಿಂದಲೋ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೋ ನೋಡಿಕೊಳ್ಳಿ.

ಮೂರನೆಯ ಹೆಜ್ಜೆ: ನಲ್ಲಿ ತಿರುಗಿಸಿ ನೋಡಿ

ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಪಂಪುಗಳ ಬಲದಲ್ಲಿ, ಎತ್ತರಕ್ಕೆ ಏರಿಕೊಂಡು. ಹಳೆಯ ಬಡಾವಣೆಗಳಿಗೆ ಆ ನೀರು ದಶಕಗಳಿಂದ ಬರುತ್ತಿದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು ಮಾತ್ರ ಕೊಳವೆಬಾವಿ ಮತ್ತು ಟ್ಯಾಂಕರ್ ನಂಬಿಕೊಂಡೇ ಬೆಳೆದವು. ಹೊರಗಿನಿಂದ ಬಂದವರು ಬಾಡಿಗೆ ಕಡಿಮೆ ಎಂದು ಮನೆ ಹಿಡಿಯುವುದು ಬಹುಪಾಲು ಆ ಹಳ್ಳಿಗಳಲ್ಲಿಯೇ. ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡದ್ದು ಈ ಹಳ್ಳಿಗಳಿಗಾಗಿಯೇ. ಆದರೆ ಬೀದಿಯಲ್ಲಿ ಕೊಳವೆ ಹಾದುಹೋಗಿರುವುದು ಬೇರೆ, ಮನೆಗೆ ಸಂಪರ್ಕ ಇರುವುದು ಬೇರೆ, ಸಂಪರ್ಕವಿದ್ದ ಮನೆಯ ಸಂಪಿಗೆ (ನೆಲದಡಿಯ ನೀರಿನ ತೊಟ್ಟಿಗೆ) ನೀರು ಬೀಳುವುದು ಇನ್ನೂ ಬೇರೆ. 'ಕಾವೇರಿ ಇದೆ' ಎಂದು ಮಾಲೀಕರು ಹೇಳಿದಾಗ ಈ ಮೂರರಲ್ಲಿ ಯಾವುದು ಎಂದು ಕೇಳಿ, ನೀರಿನ ಬಿಲ್ ತೋರಿಸಿ ಎನ್ನಿ.

ಕೇಳಬೇಕಾದವರು ಮಾಲೀಕರೊಬ್ಬರೇ ಅಲ್ಲ. ಬೀದಿಯ ಮೂಲೆಯಲ್ಲಿ ಇಸ್ತ್ರಿ ಮಾಡುವವರು, ಮನೆಗೆಲಸಕ್ಕೆ ಬರುವವರು, ಕಿರಾಣಿ ಅಂಗಡಿಯವರು 2024ರ ಬೇಸಿಗೆಯಲ್ಲಿ ಆ ಬೀದಿ ಹೇಗಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆ ವರ್ಷ ಕೊಳವೆಬಾವಿಗಳು ಬತ್ತಿ ಪೂರ್ವ ಮತ್ತು ಆಗ್ನೇಯದ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ನೀರನ್ನು ಗಂಟೆ ಲೆಕ್ಕದಲ್ಲಿ ಬಿಡುತ್ತಿದ್ದರು. ಹೊಸದಾಗಿ ಬರುವ ನಿಮಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯ ವರ್ಷ ಸಿಗದು.

ಮನೆಯೊಳಗೆ ಹೋದಾಗ ಗೋಡೆಯ ಬಣ್ಣಕ್ಕಿಂತ ಮೊದಲು ಬಚ್ಚಲುಮನೆಯ ನಲ್ಲಿ, ಷವರ್, ಗೀಸರ್ ಕೊಳವೆಯ ಬಾಯಿ ನೋಡಿ. ಬಿಳಿಯ ಹೆಪ್ಪು ಕಟ್ಟಿದ್ದರೆ ಆ ಮನೆಗೆ ಬರುವುದು ಗಡಸು ನೀರು. ಬೇಳೆ ಬೇಯದು, ಗೀಸರ್ ಬೇಗ ಕೆಡುತ್ತದೆ, ಮಲೆನಾಡಿನ ಮೆದು ನೀರಿಗೆ ಒಗ್ಗಿದವರ ಕೂದಲು ಉದುರುವ ದೂರು ಶುರುವಾಗುತ್ತದೆ. ಸಂಪು ಎಷ್ಟು ಸಾವಿರ ಲೀಟರಿನದು, ಎಷ್ಟು ಮನೆಗಳಿಗೆ ಒಂದೇ ಸಂಪು, ಮೋಟರ್ ಹಾಕುವವರು ಯಾರು, ಟ್ಯಾಂಕರ್ ತರಿಸಿದರೆ ಹಣ ಯಾರದು ಎಂಬುದು ಕರಾರಿನಲ್ಲಿ ಬರೆದಿರಲಿ. ಅಪಾರ್ಟ್‌ಮೆಂಟ್ ಆದರೆ ಏಪ್ರಿಲ್ ತಿಂಗಳ ನಿರ್ವಹಣಾ ಶುಲ್ಕದ ಬಿಲ್ ಕೇಳಿ. ಡಿಸೆಂಬರಿನ ಬಿಲ್ಲು ತೋರಿಸಿದರೆ ಮುಗುಳ್ನಕ್ಕು ಮತ್ತೆ ಏಪ್ರಿಲ್‌ನದನ್ನೇ ಕೇಳಿ.

ನಾಲ್ಕನೆಯ ಹೆಜ್ಜೆ: ಮಳೆಯ ದಾರಿ

ನೀರಿಲ್ಲದ ಊರಿನಲ್ಲಿಯೇ ನೀರು ನುಗ್ಗುವುದೂ ಬೆಂಗಳೂರಿನ ವಿಶೇಷ. ಈ ನಗರ ಕೆರೆಗಳ ಸರಣಿಯ ಮೇಲೆ ಕುಳಿತಿದೆ. ಒಂದು ಕೆರೆ ತುಂಬಿದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗ. ಹೊಸ ಬಡಾವಣೆಗಳಲ್ಲಿ ಎಷ್ಟೋ ಕಡೆ ಕಾಲುವೆಯೇ ಸೊರಗಿ ಮೋರಿಯಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕೋಟಿ ಬೆಲೆಯ ಮನೆಗಳವರೂ ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆ ಮುಳುಗಿದವು. ಹೆಚ್ಚು ಬಾಡಿಗೆ ಕೊಟ್ಟರೆ ಒಣ ಮನೆ ಸಿಗುತ್ತದೆ ಎಂಬ ಭರವಸೆ ಇಲ್ಲಿಲ್ಲ.

ನೋಡುವ ಬಗೆ ಸರಳ. ನೀವು ಆರಿಸಿದ ಬೀದಿಯಲ್ಲಿ ಕೊನೆಯವರೆಗೆ ನಡೆದು ಇಳಿಜಾರು ಯಾವ ಕಡೆಗಿದೆ, ಕೊನೆಯಲ್ಲಿ ಏನಿದೆ ಎಂದು ನೋಡಿ. ಕಾಂಪೌಂಡ್ ಗೋಡೆಗಳ ಬುಡದಲ್ಲಿ ಒಂದೇ ಮಟ್ಟದಲ್ಲಿ ಕಂದು ಗೆರೆ ಇದ್ದರೆ, ಮನೆಗಳ ಗೇಟಿಗೆ ಅಡ್ಡಲಾಗಿ ಇಟ್ಟಿಗೆಯ ಕಟ್ಟೆ ಕಟ್ಟಿದ್ದರೆ, ಅಂಗಡಿಯವರು ಸರಕನ್ನು ನೆಲದಿಂದ ಒಂದಡಿ ಮೇಲೆ ಇಟ್ಟಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಮೊಬೈಲ್ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದು ಹತ್ತಿರದ ಕೆರೆಗಳನ್ನು ಗುರುತಿಸಿ. ಎರಡು ಕೆರೆಗಳ ನಡುವಿನ ತಗ್ಗಿನಲ್ಲಿ ಮನೆ ಇದ್ದರೆ ನೆಲ ಮಹಡಿ ಬೇಡ. ರಾಜಕಾಲುವೆಯ ಪಕ್ಕದ ಮನೆಗೆ ಬೇಸಿಗೆಯಲ್ಲಿ ವಾಸನೆಯೂ ಸೊಳ್ಳೆಯೂ ಉಚಿತ.

ಐದನೆಯ ಹೆಜ್ಜೆ: ಬಡಾವಣೆಯ ಜಾತಕ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅಥವಾ ಅದರ ಹಿಂದಿನ ಸಂಸ್ಥೆಗಳು ಯೋಜಿಸಿದ ಬಡಾವಣೆಯಲ್ಲಿ ಅಗಲದ ರಸ್ತೆ, ಉದ್ಯಾನ, ಆಟದ ಮೈದಾನ, ಒಳಚರಂಡಿ ಇರುತ್ತವೆ. ಹೊಲವನ್ನು ತುಂಡು ಮಾಡಿ ಮಾರಿದ ಕಂದಾಯ ಬಡಾವಣೆಯಲ್ಲಿ ಇಪ್ಪತ್ತಡಿಯ ರಸ್ತೆಯೂ ಅನುಮಾನ. ಎರಡು ಕಾರು ನಿಂತರೆ ಆಂಬುಲೆನ್ಸ್ ಬರದು, ಮಕ್ಕಳಿಗೆ ಆಡಲು ರಸ್ತೆಯೇ ಗತಿ. ಆದರೆ ಬಾಡಿಗೆ ಎದ್ದು ಕಾಣುವಷ್ಟು ಕಡಿಮೆ. ಕೆಲವೊಮ್ಮೆ ಯೋಜಿತ ಬಡಾವಣೆಗಳೂ ಕೈಕೊಡುತ್ತವೆ. ಕೆಂಪೇಗೌಡ ಬಡಾವಣೆಯಲ್ಲಿ ನಿವೇಶನ ಹಂಚಿ ವರ್ಷಗಳೇ ಕಳೆದರೂ ಮೂಲಸೌಕರ್ಯಕ್ಕಾಗಿ ಜನ ದೂರುತ್ತಲೇ ಬಂದಿದ್ದಾರೆ. ಸುತ್ತಮುತ್ತ ಖಾಲಿ ನಿವೇಶನಗಳೇ ಹೆಚ್ಚಿರುವ ಕಡೆ ಶಾಲೆಯಿಂದ ಬರುವ ಮಗಳು ಸಂಜೆ ಒಬ್ಬಳೇ ನಡೆಯಬೇಕು ಎಂಬುದನ್ನು ಮರೆಯಬೇಡಿ.

ಆಡಳಿತವನ್ನೂ ಒಮ್ಮೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ಪಾಲಿಕೆಗಳು ಬಂದಿವೆ. ವಿಳಾಸದಲ್ಲಿ 'ಬೆಂಗಳೂರು' ಎಂದಿರುವ ಎಷ್ಟೋ ಮನೆಗಳು ಯಾವುದೋ ಗ್ರಾಮ ಪಂಚಾಯಿತಿಗೋ ಪುರಸಭೆಗೋ ಸೇರಿರುತ್ತವೆ. ಕಸ, ಬೀದಿದೀಪ, ಚರಂಡಿಯ ದೂರನ್ನು ಯಾರಿಗೆ ಹೇಳಬೇಕು ಎಂಬುದು ಇದರ ಮೇಲೆ ನಿಂತಿದೆ. ಮಾಲೀಕರ ತೆರಿಗೆ ರಸೀದಿಯ ತಲೆಬರಹದಲ್ಲೇ ಉತ್ತರ ಇರುತ್ತದೆ.

ಹಿರಿಯರು ಜೊತೆಗಿದ್ದರೆ ನಾನು ಹಳೆಯ ಬಡಾವಣೆಗಳ ಪರ. 1898ರ ಪ್ಲೇಗ್ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರ, ಆಮೇಲಿನ ಜಯನಗರ, ರಾಜಾಜಿನಗರ, ವಿಜಯನಗರಗಳಲ್ಲಿ ಮನೆ ಹಳೆಯದು, ಕೋಣೆ ಚಿಕ್ಕದು, ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಆದರೆ ಅಪ್ಪ ಅಮ್ಮ ಯಾರ ಹಂಗೂ ಇಲ್ಲದೆ ತರಕಾರಿಗೆ, ದೇವಸ್ಥಾನಕ್ಕೆ, ಉದ್ಯಾನಕ್ಕೆ, ಡಾಕ್ಟರ ಬಳಿಗೆ ನಡೆದು ಹೋಗಬಹುದು, ಅಂಗಡಿಯಲ್ಲಿ ಕನ್ನಡದಲ್ಲಿ ಮಾತಾಡಬಹುದು. ಹದಿನಾಲ್ಕನೆಯ ಮಹಡಿಯ ಫ್ಲಾಟಿನಲ್ಲಿ ಹಗಲೆಲ್ಲ ಟಿ.ವಿ. ನೋಡುತ್ತಾ ಕುಳಿತ ಅಜ್ಜಿ ಮೂರನೆಯ ತಿಂಗಳಿಗೆ 'ನನ್ನನ್ನು ಊರಿಗೆ ಬಿಟ್ಟುಬಾ' ಎನ್ನುವುದು ಹಟದಿಂದಲ್ಲ. ಅವರಿಗೆ ತಿಂಗಳ ತಿಂಗಳ ಆಸ್ಪತ್ರೆಯ ತಪಾಸಣೆ ಇದ್ದರೆ ಅದೂ ಲೆಕ್ಕಕ್ಕಿರಲಿ. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯ ಗಾಂಧಿ ಆಸ್ಪತ್ರೆಗಳು ದಕ್ಷಿಣದಲ್ಲಿ ಅಕ್ಕಪಕ್ಕದಲ್ಲೇ ಇವೆ. ಜಯದೇವ ಹೃದ್ರೋಗ ಸಂಸ್ಥೆಗೆ ಹಳದಿ ಮಾರ್ಗದಲ್ಲಿ ನಿಲ್ದಾಣವೇ ಇದೆ.

ಕೊನೆಯ ಹೆಜ್ಜೆ: ಮನೆ, ಮಾಲೀಕರು, ಮುಂಗಡ

ಇಷ್ಟು ಜರಡಿ ಹಿಡಿದ ಮೇಲೆ ಎರಡೋ ಮೂರೋ ಬಡಾವಣೆ ಉಳಿಯುತ್ತವೆ. ಈಗ ಮನೆ ನೋಡಿ. ಒಂದೇ ಮನೆಯನ್ನು ಹಗಲೊಮ್ಮೆ, ರಾತ್ರಿ ಒಂಬತ್ತರ ಮೇಲೊಮ್ಮೆ ನೋಡಿ. ಬಾರ್ ಎಲ್ಲಿದೆ, ಕಲ್ಯಾಣಮಂಟಪದ ಸದ್ದು ಎಷ್ಟು ಹೊತ್ತಿನವರೆಗೆ, ಬೀದಿನಾಯಿಗಳು ಎಷ್ಟು, ದೀಪ ಉರಿಯುತ್ತದೋ ಎಂಬುದೆಲ್ಲ ಹಗಲಿನಲ್ಲಿ ತಿಳಿಯುವುದಿಲ್ಲ. ಮನೆ ನೋಡುವ ಮುನ್ನವೇ ಟೋಕನ್ ಹಣ ಕಳಿಸಿ ಎನ್ನುವ ಜಾಹೀರಾತುಗಳನ್ನು ಅಲ್ಲಿಗೇ ಬಿಟ್ಟುಬಿಡಿ.

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಇಲ್ಲಿನ ಹಳೆಯ ರೂಢಿ. ಈಗ ಹಲವು ಕಡೆ ಐದಾರು ತಿಂಗಳಿಗೆ ಒಪ್ಪುತ್ತಾರೆ, ಕೇಳಿದರೆ ಮಾತ್ರ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ರೂಢಿ. ಒಂದು ವರ್ಷದೊಳಗೆ ಬಿಟ್ಟರೆ ಎಷ್ಟು, ಮೂರು ವರ್ಷದ ಮೇಲೆ ಬಿಟ್ಟರೆ ಎಷ್ಟು ಎಂದು ಬರೆಸಿಕೊಳ್ಳಿ. ವರ್ಷಕ್ಕೆ ಎಷ್ಟು ಏರಿಕೆ, ಖಾಲಿ ಮಾಡಲು ಎಷ್ಟು ತಿಂಗಳ ಮುನ್ಸೂಚನೆ ಎಂಬುದೂ ಕಾಗದದ ಮೇಲೆ ಬರಲಿ. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಅವರಿಗೆ.

ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯದ ಆಸೆಗೆ ಬೀಳುವ ಮುನ್ನ ಎರಡು ಸಲ ಯೋಚಿಸಿ. ಊರಿನಲ್ಲಿ ಜಮೀನು ಮಾರಿದ ಹಣವೋ ನಿವೃತ್ತಿಯ ಹಣವೋ ಕೈಯಲ್ಲಿರುವವರಿಗೆ 'ಬಾಡಿಗೆಯೇ ಇಲ್ಲ, ಮೂರು ವರ್ಷದ ಮೇಲೆ ಪೂರ್ತಿ ಹಣ ವಾಪಸ್' ಎಂಬ ಮಾತು ಬಹಳ ಸಿಹಿ. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ತಪ್ಪಿಸಿದರೆ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, ನಿಮ್ಮ ಲಕ್ಷಗಳು ಎಲ್ಲಿವೆ ಎಂದು ಅವರು ಕೇಳುವುದಿಲ್ಲ. ಭೋಗ್ಯಕ್ಕೆ ಹೋಗಲೇಬೇಕೆಂದರೆ ಋಣಭಾರ ಪತ್ರ ತೆಗೆಸಿ ವಕೀಲರಿಗೆ ತೋರಿಸಿ, ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿ ಬೇಡ ಎನ್ನುವ ಮಾಲೀಕರಾದರೆ ಆ ಮನೆಯೇ ಬೇಡ.

ನೀವು ಯಾವ ಜನ, ಮಾಂಸ ತಿನ್ನುತ್ತೀರಾ ಎಂಬ ಪ್ರಶ್ನೆಯನ್ನು ಈ ನಗರದ ಮನೆ ಮಾಲೀಕರು ಇಂದಿಗೂ ನಾಚಿಕೆಯಿಲ್ಲದೆ ಕೇಳುತ್ತಾರೆ. ಮನೆ ಸಿಗಲಿ ಎಂದು ಸುಳ್ಳು ಹೇಳಿ ಒಳಹೊಕ್ಕರೆ ಪ್ರತಿ ಭಾನುವಾರ ಕಿಟಕಿ ಮುಚ್ಚಿ ಅಡುಗೆ ಮಾಡಬೇಕಾಗುತ್ತದೆ. ಅಂಥ ಮನೆಯ ಮೆಟ್ಟಿಲು ಇಳಿದು ಮುಂದಿನ ಬೀದಿಗೆ ಹೋಗುವುದೇ ವಾಸಿ.

ಮನೆ ಗಟ್ಟಿಯಾದ ಮೇಲಿನ ಕೆಲಸಗಳಲ್ಲಿ ಮೊದಲನೆಯದು ವಿದ್ಯುತ್ತಿನದು. ಹಿಂದಿನ ಬಾಡಿಗೆದಾರರು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಿಂದ ಆ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯನ್ನು ಬಿಡಿಸಿಕೊಂಡಿದ್ದಾರೋ ಎಂದು ಕೀಲಿಕೈ ಪಡೆಯುವ ಮುನ್ನವೇ ಕೇಳಿ, ನೀವೂ ಊರಿನ ಮನೆಯ ಸಂಖ್ಯೆಯನ್ನು ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕಲಾಗದು. ಮತದಾರರ ಪಟ್ಟಿಯಲ್ಲಿ ಹೆಸರು ವರ್ಗಾಯಿಸಲು ನಮೂನೆ 8 ಇದೆ. ಅಡುಗೆ ಅನಿಲ, ಆಧಾರ್ ವಿಳಾಸಕ್ಕೆ ಬಾಡಿಗೆ ಕರಾರಿನ ಪ್ರತಿ ಬೇಕಾಗುತ್ತದೆ. ಮಕ್ಕಳ ವರ್ಗಾವಣೆ ಪತ್ರದ ಮೂಲಪ್ರತಿ, ಶಾಲಾ ದಾಖಲೆಯ ಸ್ಯಾಟ್ಸ್ ಸಂಖ್ಯೆ, ಜನನ ಮತ್ತು ಜಾತಿ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಹಿರಿಯರ ಔಷಧಿಯ ಚೀಟಿ ಇವನ್ನು ಸಾಮಾನಿನ ಲಾರಿಗೆ ಹಾಕಬೇಡಿ. ನೀವು ಹೊತ್ತುಕೊಂಡು ಬರುವ ಕೈಚೀಲದಲ್ಲಿರಲಿ. ಲಾರಿ ಒಂದು ದಿನ ತಡವಾದರೂ ಶಾಲೆಯ ಕಚೇರಿ ಮರುದಿನ ಬೆಳಿಗ್ಗೆಯೇ ಅವನ್ನು ಕೇಳುತ್ತದೆ.